ಎಂಎ ಮೊದಲ ವರ್ಷ: ಹಾಸ್ಟೆಲ್ ಇಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ಯಾರ ಹತ್ತಿರ ಹೋಗಬೇಕು?

ಹೊಲದ_ಬದು | ಭಾನುವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯವನು. ಈ ವರ್ಷ ಎಂಎ ಇತಿಹಾಸಕ್ಕೆ ಸೇರಿದ್ದೇನೆ. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದು ಬೇಡ, ಊರಿಂದ ಬಸ್ಸಿನಲ್ಲಿ ಐದು ತಾಸಿನ ದಾರಿ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ್ದು ನಾನೇ ಮೊದಲು. ಹಾಗಾಗಿ ಇಲ್ಲಿ ಯಾವುದಕ್ಕೆ ಯಾರನ್ನು ಕೇಳಬೇಕು ಅಂತ ಹೇಳಿಕೊಡುವವರು ಮನೆಯಲ್ಲಿ ಯಾರೂ ಇಲ್ಲ.

ನನ್ನ ಕಷ್ಟ ಇಷ್ಟು. ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಈಗ ನಾಲ್ಕು ಜನ ಸೇರಿ ಒಂದು ರೂಮಿನಲ್ಲಿ ಇದ್ದೇವೆ, ನನ್ನ ಪಾಲಿಗೆ ತಿಂಗಳಿಗೆ 1,800 ರೂಪಾಯಿ ಬಾಡಿಗೆ. ಬಿಎ ಕೊನೆಯ ವರ್ಷದ ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ ತೋರಿಸುತ್ತಿದೆ, ಆದರೆ ಖಾತೆಗೆ ಒಂದು ರೂಪಾಯಿ ಬಂದಿಲ್ಲ. ಈ ವರ್ಷದ ಅರ್ಜಿಯೂ ಎಲ್ಲೋ ನಿಂತಿದೆ. ಕಚೇರಿಗೆ ಹೋದರೆ ಮೂರನೇ ಕಿಟಕಿ ಅನ್ನುತ್ತಾರೆ, ಮೂರನೇ ಕಿಟಕಿಯವರು ವಿಭಾಗದಲ್ಲಿ ಕೇಳು ಅನ್ನುತ್ತಾರೆ, ವಿಭಾಗದಲ್ಲಿ ಮತ್ತೆ ಕಚೇರಿಗೇ ಹೋಗು ಅನ್ನುತ್ತಾರೆ. ಹದಿನೈದು ದಿನದಲ್ಲಿ ಆರು ಸಲ ಹೋಗಿ ಬಂದಿದ್ದೇನೆ, ಅದರಲ್ಲಿ ಎರಡು ಸಲ ಕ್ಲಾಸ್ ತಪ್ಪಿಸಿ.

ಅಪ್ಪನಿಗೆ ಇರುವುದು ಮೂರು ಎಕರೆ ಮಳೆ ನಂಬಿದ ಹೊಲ. ಫೋನ್ ಮಾಡಿದಾಗ ದುಡ್ಡು ಬೇಕೇನು ಅಂತ ಅವನೇ ಕೇಳುತ್ತಾನೆ, ನಾನು ಬೇಡ ಅನ್ನುತ್ತೇನೆ.

ಇನ್ನೊಂದು ಮಾತು, ಬರೆಯಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿದೆ. ಒಂದು ತಿಂಗಳಿಂದ ರಾತ್ರಿ ನಿದ್ದೆ ಇಲ್ಲ. ಪುಸ್ತಕ ತೆಗೆದರೆ ಒಂದೇ ಪುಟ ನಾಲ್ಕು ಸಲ ಓದುತ್ತೇನೆ, ತಲೆಗೆ ಹತ್ತುವುದಿಲ್ಲ. ಓದು ಬಿಟ್ಟು ಊರಿಗೆ ಹೋಗಿಬಿಡಲಾ ಅನ್ನಿಸುತ್ತದೆ. ಗೊತ್ತಿದ್ದವರು ದಾರಿ ಹೇಳಿ.

ಸೀನಿಯರಕ್ಕ | ಸೋಮವಾರ ಬೆಳಿಗ್ಗೆ 6:55

ತಮ್ಮಾ, ಊರಿಗೆ ಹೋಗುವ ಮಾತು ಸದ್ಯಕ್ಕೆ ಪಕ್ಕಕ್ಕಿಡು. ನಾನು ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ, ನೀನು ಬರೆದದ್ದು ಓದಿದರೆ ನನ್ನ ಎಂಎ ಮೊದಲ ವರ್ಷವೇ ಕಣ್ಣ ಮುಂದೆ ಬಂತು.

ಮೊದಲು ಹಣದ ವಿಷಯ. ಮಂಜೂರಾಗಿಯೂ ಹಣ ಬಂದಿಲ್ಲ ಅಂದರೆ ಬಹಳ ಸಲ ತೊಂದರೆ ಇರುವುದು ಬ್ಯಾಂಕಿನ ಕಡೆ. ಈ ಹಣ ಬರುವುದು ನೀನು ಕೊಟ್ಟ ಖಾತೆ ನಂಬರ್ ನೋಡಿ ಅಲ್ಲ, ನಿನ್ನ ಆಧಾರ್ ನೋಡಿ. ಖಾತೆಗೆ ಆಧಾರ್ ಲಿಂಕ್ ಮಾಡಿಸುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ನೋಡಿ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅಂತ ಗುರುತು ಹಾಕಿಸುವುದು, ಬೇರೆ. ಮೂರು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿರಬಹುದು, ಆದರೆ ಮ್ಯಾಪ್ ಆಗಿರುವುದು ಒಂದೇ ಖಾತೆ, ಸರ್ಕಾರದ ಹಣ ಬಂದು ಬೀಳುವುದು ಅದಕ್ಕೇ. ಮೈಆಧಾರ್ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿ ಒಳಗೆ ಹೋದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇದೆ, ಯಾವ ಬ್ಯಾಂಕ್ ಅಂತ ಅಲ್ಲಿ ತೋರಿಸುತ್ತದೆ. ಮೊಬೈಲಿನಲ್ಲಿ 'ಡಿಬಿಟಿ ಕರ್ನಾಟಕ' ಆ್ಯಪ್ ಹಾಕಿಕೊಂಡರೆ ಯಾವ ಯೋಜನೆಯ ಹಣ ಯಾವತ್ತು ಬಂತು ಅಂತಲೂ ಗೊತ್ತಾಗುತ್ತದೆ.

ನನಗೆ ಆದದ್ದು ಹೇಳುತ್ತೇನೆ. ಎಂಎ ಮೊದಲ ವರ್ಷದ ಹಣ ಎಂಟು ತಿಂಗಳು ಬರಲಿಲ್ಲ. ದಿನಾ ಎಟಿಎಂಗೆ ಹೋಗಿ ಬ್ಯಾಲೆನ್ಸ್ ನೋಡುತ್ತಿದ್ದೆ, ಹಿಂದೆ ನಿಂತವರು ಏನಂದುಕೊಳ್ಳುತ್ತಾರೋ ಅಂತ ಸುಮ್ನೆ ನೂರು ರೂಪಾಯಿ ತೆಗೆಯುತ್ತಿದ್ದೆ. ಕೊನೆಗೆ ಸೀಡಿಂಗ್ ನೋಡಿದರೆ ಇನ್ನೊಂದು ಬ್ಯಾಂಕಿನ ಹೆಸರು. ಎಂಟನೇ ಕ್ಲಾಸಿನಲ್ಲಿ ಸೈಕಲ್ ಹಣಕ್ಕೋ ಯಾವುದಕ್ಕೋ ಮೇಷ್ಟ್ರು ಎಲ್ಲರಿಗೂ ಒಂದೊಂದು ಖಾತೆ ಮಾಡಿಸಿದ್ದರು, ಅದು! ಊರಿಗೆ ಹೋಗಿ ಅವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹುಡುಕಿದೆ. ಪಾಸ್‌ಬುಕ್ ಸಿಕ್ಕಿತು, ಫೋಟೋದಲ್ಲಿ ಎರಡು ಜಡೆ ಹಾಕಿದ ಹುಡುಗಿ. ಬ್ಯಾಂಕಿಗೆ ಹೋಗಿ ಎಂಟ್ರಿ ಮಾಡಿಸಿದರೆ 15,000 ರೂಪಾಯಿ ಅದರಲ್ಲಿ ಕೂತಿತ್ತು. ಖಾತೆ ನಿಂತುಹೋಗಿತ್ತು, ಕೆವೈಸಿ ಕೊಟ್ಟು ಚಾಲೂ ಮಾಡಿಸಲು ಎರಡು ದಿನ ಹಿಡಿಯಿತು. ಅವ್ವ ಆ ಪಾಸ್‌ಬುಕ್ ಎಸೆದಿರಲಿಲ್ಲ ಅನ್ನುವುದೇ ನನ್ನ ಪುಣ್ಯ.

ಈ ವರ್ಷದ ಅರ್ಜಿ ನಿಂತಿದೆ ಅಂದೆ. ಇ-ದೃಢೀಕರಣ ಆಗಿದೆಯಾ ನೋಡು. ವ್ಯಾಸಂಗ ಪ್ರಮಾಣಪತ್ರ, ಫೀಸ್ ರಸೀದಿ ಇವನ್ನೆಲ್ಲ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಅದಕ್ಕಂತ ಒಬ್ಬ ಅಧಿಕಾರಿ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಕಚೇರಿಯಲ್ಲಿ ನನ್ನ ಸ್ಕಾಲರ್‌ಶಿಪ್ ಏನಾಯಿತು ಅಂತ ಕೇಳಬೇಡ. ನಮ್ಮಲ್ಲಿ ಇ-ದೃಢೀಕರಣ ಯಾರು ಮಾಡುತ್ತಾರೆ, ಅವರು ಎಲ್ಲಿ ಕೂರುತ್ತಾರೆ ಅಂತ ಕೇಳು. ಪ್ರಶ್ನೆ ಸರಿಯಾಗಿದ್ದರೆ ಕಿಟಕಿಯಿಂದ ಕಿಟಕಿಗೆ ಅಲೆಸುವುದು ಕಡಿಮೆಯಾಗುತ್ತದೆ.

ನಿದ್ದೆಯ ವಿಷಯ ನನಗಿಂತ ತಿಳಿದವರು ಹೇಳಲಿ. ಆದರೆ ಅದನ್ನು ಬರೆದೆಯಲ್ಲ, ಅದು ಒಳ್ಳೆಯದಾಯಿತು.

ನಿವೃತ್ತ_ವಾರ್ಡನ್ | ಸೋಮವಾರ ಬೆಳಿಗ್ಗೆ 9:20

ಇಪ್ಪತ್ತಾರು ವರ್ಷ ಹಾಸ್ಟೆಲ್‌ಗಳಲ್ಲಿ ಕೆಲಸ ಮಾಡಿದವನು ನಾನು, ಆ ಅನುಭವದಿಂದ ಹೇಳುತ್ತೇನೆ.

ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಬಾಗಿಲು ಮುಚ್ಚಿತು ಅಂತ ಅಲ್ಲ. ಪಟ್ಟಿಯಲ್ಲಿ ಬಂದವರೆಲ್ಲ ಸೇರುವುದಿಲ್ಲ. ಕೆಲವರಿಗೆ ಬೇರೆ ಕಡೆ ಸೀಟು ಸಿಗುತ್ತದೆ, ಕೆಲವರು ನೆಂಟರ ಮನೆಯಲ್ಲಿ ಇರುತ್ತಾರೆ. ಹಾಗೆ ಉಳಿದ ಸೀಟುಗಳಿಗೆ ಮುಂದಿನ ಪಟ್ಟಿ ಬರುತ್ತದೆ. ಮನೆಯಲ್ಲಿ ಕೂತು ಕಾಯಬೇಡ ಮಗಾ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ ಅರ್ಜಿಯ ಪ್ರಿಂಟ್ ತೆಗೆದುಕೊಂಡು ಹೋಗು, ಖಾಲಿ ಸೀಟು ಎಷ್ಟು ಅಂತ ಕೇಳು. ನಿನ್ನ ಹತ್ತಿರದ ಹಾಸ್ಟೆಲ್‌ನ ವಾರ್ಡನ್‌ರನ್ನೂ ಸಂಜೆ ಹೊತ್ತು ಹೋಗಿ ಕಾಣು. ಬೆಳಿಗ್ಗೆ ಅವರು ರೇಷನ್, ತರಕಾರಿ, ಹಾಜರಾತಿ ಅಂತ ಓಡಾಡುತ್ತಿರುತ್ತಾರೆ, ಆಗ ಹೋದರೆ ಮಾತಾಡಲು ಪುರುಸೊತ್ತು ಇರುವುದಿಲ್ಲ.

ಹಾಸ್ಟೆಲ್ ಸಿಗಲೇ ಇಲ್ಲ ಅಂತ ಇಟ್ಟುಕೊ. ಅದಕ್ಕೇ ವಿದ್ಯಾಸಿರಿ ಇರುವುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆ ತಿಂಗಳಿಗೆ ಇಷ್ಟು ಅಂತ ವರ್ಷಕ್ಕೆ ಹತ್ತು ತಿಂಗಳು ಹಣ ಕೊಡುತ್ತಾರೆ. ಎಸ್‌ಎಸ್‌ಪಿಯಲ್ಲೇ ಅರ್ಜಿ. ಹಾಸ್ಟೆಲ್ ಮತ್ತು ವಿದ್ಯಾಸಿರಿ ಎರಡೂ ಒಟ್ಟಿಗೆ ಸಿಗುವುದಿಲ್ಲ.

ನಿಮ್ಮ ಅಪ್ಪ ರೈತ ಅಂತ ಬರೆದಿದ್ದೀಯ. ಪಹಣಿ ಅವರ ಹೆಸರಿನಲ್ಲಿ ಇದ್ದರೆ ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಆಗಿದೆಯಾ ಕೇಳು, ಆಗಿಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ, ಅಂದರೆ ರೈತರ ಮಕ್ಕಳ ಸ್ಕಾಲರ್‌ಶಿಪ್‌ಗೆ, ಅದು ಬೇಕು. ಸ್ನಾತಕೋತ್ತರ ಓದುವ ಹುಡುಗರಿಗೆ 10,000, ಹುಡುಗಿಯರಿಗೆ 11,000 ಅಂತ ಆಗ ನಿಗದಿ ಮಾಡಿದ್ದರು.

ಮುಖ್ಯವಾಗಿ ಹೆಸರು ನೋಡಿಕೊ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಒಂದು ಇನಿಷಿಯಲ್ ಹಿಂದೆ ಮುಂದೆ ಆಗಿ ವರ್ಷಗಟ್ಟಲೆ ಹಣ ಸಿಗದೆ ಒದ್ದಾಡಿದ ಹುಡುಗರನ್ನು ನಾನು ನೋಡಿದ್ದೇನೆ. ಜಾತಿ ಆದಾಯದ್ದು ನಾಡಕಚೇರಿಯಲ್ಲಿ ಸರಿ ಮಾಡಿಸಬೇಕು, ಅದರ ಮೇಲಿರುವ ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ಬರೆದಿಟ್ಟುಕೊ.

ರಾತ್ರಿಪಾಳಿ | ಸೋಮವಾರ ಮಧ್ಯಾಹ್ನ 2:10

ನಾನು ನರ್ಸಿಂಗ್ ಓದುತ್ತಿದ್ದೇನೆ. ಹೊಲದ_ಬದು ಅವರೇ, ಹಣದ ಬಗ್ಗೆ ಅಕ್ಕ ಹೇಳಿದ್ದಾರೆ. ನಾನು ನಿದ್ದೆಯ ಬಗ್ಗೆ ಮಾತಾಡುತ್ತೇನೆ.

ಮೊದಲು ನೇರವಾಗಿ ಒಂದು ಪ್ರಶ್ನೆ, ಬೇಜಾರಾಗಬೇಡಿ. ಊರಿಗೆ ಹೋಗಿಬಿಡಲಾ ಅಂದಿರಿ. ಬದುಕೇ ಬೇಡ ಅನ್ನುವ ಯೋಚನೆ ಏನಾದರೂ ಬರುತ್ತಿದೆಯಾ? ಬರುತ್ತಿದ್ದರೆ ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ, ರೂಮಿನಲ್ಲಿ ಒಬ್ಬರೇ ಇರಬೇಡಿ, ತೀರಾ ಜಾಸ್ತಿ ಆದರೆ 112.

ಬರುತ್ತಿಲ್ಲ ಅಂದರೂ 14416 ನಿಮಗೇ ಇರುವುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ನಿಮ್ಹಾನ್ಸ್‌ನವರೇ ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. 1800-891-4416 ಅನ್ನುವುದೂ ಅದೇ.

ನಾನೇ ಮಾಡಿದ್ದೇನೆ, ಎರಡನೇ ವರ್ಷದಲ್ಲಿ. ಹಾಸ್ಟೆಲ್ ಟೆರೇಸ್ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂತು, ಕೆಳಗೆ ಯಾರಿಗಾದರೂ ಕೇಳಿಸೀತು ಅಂತ ದುಪಟ್ಟಾ ಬಾಯಿಗೆ ಅಡ್ಡ ಹಿಡಿದುಕೊಂಡು. ಭಾಷೆ ಕೇಳಿದರು, ಕನ್ನಡ ಅಂತ ಒತ್ತಿದೆ. ಒಬ್ಬ ಹೆಂಗಸು ಬಂದರು. ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಅಷ್ಟೆಲ್ಲ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ, ಅಳು ಬಂತು. ಅವರು ಫೋನ್ ಇಡಲಿಲ್ಲ, ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ ಮೊದಲ ಮಾತು, ರಾತ್ರಿ ಊಟ ಆಯ್ತಾ ಅಂತ. ಆಗಿರಲಿಲ್ಲ. ಮಧ್ಯಾಹ್ನದ್ದೂ ಆಗಿರಲಿಲ್ಲ, ಅವರು ಕೇಳಿದ ಮೇಲೇ ನನಗೆ ನೆನಪಾದದ್ದು. ಅರ್ಧ ಗಂಟೆ ಮಾತಾಡಿದೆವು. ವೈದ್ಯರನ್ನು ಒಮ್ಮೆ ಕಾಣುವುದು ಒಳ್ಳೆಯದು ಅಂತ ಹೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ತಿಳಿಸಿದರು.

ನಿದ್ದೆ ಒಂದು ತಿಂಗಳಿಂದ ಇಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ ಅಂದರೆ ಅದು ಸೋಮಾರಿತನ ಅಲ್ಲ, ನಿಮ್ಮ ತಪ್ಪೂ ಅಲ್ಲ. ಜ್ವರ ಬಂದರೆ ತೋರಿಸುವ ಹಾಗೆ ಇದನ್ನೂ ತೋರಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುತ್ತಾರೆ, ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಆ ವಿಭಾಗ ಇರುತ್ತದೆ. ಧಾರವಾಡದ ಕಡೆ ಇದ್ದರೆ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ಇದ್ದರೆ ನಿಮ್ಹಾನ್ಸ್. ಬೆಂಗಳೂರಿನವರಿಗೆ ಇನ್ನೊಂದು ಮಾತು. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ, ದೊಡ್ಡಾಸ್ಪತ್ರೆ ಅಂದರೆ ಹೆದರಿಕೆ ಆಗುವವರು ಅಲ್ಲಿಗೆ ಹೋಗಬಹುದು.

ಹೊಲದ_ಬದು | ಸೋಮವಾರ ರಾತ್ರಿ 9:30

ಎಲ್ಲರಿಗೂ ಏನು ಹೇಳಬೇಕು ತಿಳಿಯುತ್ತಿಲ್ಲ. ರಾತ್ರಿಪಾಳಿ ಅಕ್ಕ, ಸಾಯುವ ಯೋಚನೆ ಬಂದಿಲ್ಲ, ಆಣೆ. ಆದರೆ ನಾನು ಇಲ್ಲಿ ಯಾರಿಗೂ ಬೇಡದವನು ಅನ್ನಿಸುತ್ತದೆ. ಫೋನ್ ಮಾಡುತ್ತೇನೆ.

ಸೀಡಿಂಗ್ ನೋಡಿದೆ. ಸರಿಯಾದ ಬ್ಯಾಂಕೇ ಇದೆ, ಆದರೆ ಸ್ಥಿತಿ 'ಇನ್‌ಆಕ್ಟಿವ್' ಅಂತ ತೋರಿಸುತ್ತಿದೆ. ಆಮೇಲೆ ವಾರ್ಡನ್ ಸರ್ ಹೇಳಿದ ಹಾಗೆ ಹೆಸರು ನೋಡಿದೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ ಇದೆ, ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಪೂರ್ತಿ ಹೆಸರೇ ಇದೆ. ಇದಕ್ಕೇ ನಿಂತಿರಬಹುದಾ?

ಇನ್ನೊಂದು ಸಂಗತಿ. ಒಂದು ವಿಷಯದ ಆಂತರಿಕ ಅಂಕ ತಪ್ಪಾಗಿ ಬಂದಿದೆ. ಎರಡು ಟೆಸ್ಟ್ ಬರೆದಿದ್ದೇನೆ, ಒಂದಕ್ಕೆ ಗೈರು ಅಂತ ಹಾಕಿದ್ದಾರೆ. ಬಾಯಲ್ಲಿ ಹೇಳಿದೆ, ನೋಡೋಣ ಅಂದರು. ತಿಂಗಳಾಯಿತು.

ಟಪಾಲು_ಶಾಖೆ | ಸೋಮವಾರ ರಾತ್ರಿ 10:45

ನಾನು ವಿಶ್ವವಿದ್ಯಾಲಯವೊಂದರ ಆಡಳಿತ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮದು ಅಲ್ಲ, ಬೇರೆಯದು. ಕಿಟಕಿಯ ಒಳಗಡೆಯಿಂದ ಒಂದು ಮಾತು ಹೇಳುತ್ತೇನೆ, ಎಲ್ಲ ವಿದ್ಯಾರ್ಥಿಗಳೂ ಕೇಳಿಸಿಕೊಳ್ಳಿ.

ಬಾಯಲ್ಲಿ ಹೇಳಿದ್ದಕ್ಕೆ ಕಚೇರಿಯಲ್ಲಿ ಯಾವ ಗುರುತೂ ಇರುವುದಿಲ್ಲ. ನೀವು ಆರು ಸಲ ಬಂದಿರಿ, ನಿಮ್ಮ ಕಾಲು ನೋಯಿತು, ಆದರೆ ಕಚೇರಿಯ ಲೆಕ್ಕದಲ್ಲಿ ನೀವು ಒಮ್ಮೆಯೂ ಬಂದಿಲ್ಲ. ಒಂದು ಹಾಳೆ ಬರೆದು ಕೊಟ್ಟು ಇನ್‌ವರ್ಡ್ ಮಾಡಿಸಿದರೆ, ಅಂದರೆ ಬಂದ ಪತ್ರಗಳ ಪುಸ್ತಕದಲ್ಲಿ ದಾಖಲು ಮಾಡಿಸಿದರೆ, ಅದಕ್ಕೆ ನಂಬರ್ ಬೀಳುತ್ತದೆ, ಒಬ್ಬ ಕೇಸ್ ವರ್ಕರ್ ಟೇಬಲ್‌ಗೆ ಹೋಗುತ್ತದೆ. ನಾಳೆ ಮೇಲಿನವರು ಇದು ಏನಾಯಿತು ಅಂತ ಕೇಳಿದರೆ ಅವರು ಉತ್ತರ ಹೇಳಲೇಬೇಕು. ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಂಡು ಅಲ್ಲೇ ನಿಂತು ಫೋಟೋ ತೆಗೆದುಕೊಳ್ಳಿ.

ಬರೆಯುವುದು ಹೇಗೆ ಅಂತ ಹೆದರಬೇಡಿ, ಹತ್ತು ಸಾಲು ಸಾಕು. ನಿಮ್ಮದಕ್ಕೆ ಹೀಗೆ ಬರೆಯಿರಿ:

'ಇವರಿಗೆ, ಮುಖ್ಯಸ್ಥರು, ಇತಿಹಾಸ ವಿಭಾಗ. ವಿಷಯ: ಮೊದಲ ಸೆಮಿಸ್ಟರ್ ಆಂತರಿಕ ಅಂಕ ತಪ್ಪಾಗಿ ನಮೂದಾಗಿರುವ ಬಗ್ಗೆ. ನಾನು ಇಂಥ ನೋಂದಣಿ ಸಂಖ್ಯೆಯ ವಿದ್ಯಾರ್ಥಿ. ಇಂಥ ತಾರೀಖು ನಡೆದ ಎರಡನೇ ಟೆಸ್ಟ್ ಬರೆದಿರುತ್ತೇನೆ. ಹಾಜರಾತಿ ಹಾಳೆಯಲ್ಲಿ ನನ್ನ ಸಹಿ ಇರುತ್ತದೆ. ಆದರೆ ಅಂಕಪಟ್ಟಿಯಲ್ಲಿ ಗೈರು ಎಂದು ನಮೂದಾಗಿದೆ. ದಯವಿಟ್ಟು ಪರಿಶೀಲಿಸಿ ಸರಿಪಡಿಸಿ, ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.'

ಅಷ್ಟೇ. ಯಾರನ್ನೂ ಬೈಯಬೇಡಿ, ಯಾರು ಬೇಕಂತಲೇ ಮಾಡಿದರು ಅಂತೆಲ್ಲ ಬರೆಯಬೇಡಿ. ಕೊನೆಯ ಸಾಲು ಮಾತ್ರ ಬಿಡಬೇಡಿ. ಅಂಕದ ವಿಷಯ ಆದ್ದರಿಂದ ಇದರ ಒಂದು ಪ್ರತಿ ಕುಲಸಚಿವರು (ಮೌಲ್ಯಮಾಪನ) ಅವರಿಗೂ ಹೋಗಲಿ.

ಅದಕ್ಕೂ ಕೆಲಸ ಆಗದಿದ್ದರೆ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇದೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರಲ್ಲಿ ಇದಕ್ಕೆ ಹೊಸ ನಿಯಮ ತಂದಿದೆ. ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು, ದೂರು ಬಂದ 15 ಕೆಲಸದ ದಿನಗಳ ಒಳಗೆ ವರದಿ ಕೊಡಬೇಕು ಅಂತ ಅದರಲ್ಲಿದೆ. ಅವರ ತೀರ್ಮಾನ ಸರಿ ಇಲ್ಲ ಅನ್ನಿಸಿದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ (ಇಂಥ ದೂರು ಕೇಳಲು ನೇಮಿಸಿದವರು) ಮೇಲ್ಮನವಿ ಹಾಕಬಹುದು. ಆಂತರಿಕ ಅಂಕಕ್ಕೆ ಅಷ್ಟು ದೂರ ಹೋಗಬೇಕಾಗಿ ಬರುವುದಿಲ್ಲ, ಆದರೆ ಅಂಥದ್ದೊಂದು ಇದೆ ಅಂತ ಗೊತ್ತಿದ್ದರೆ ಮಾತಾಡುವ ಧೈರ್ಯ ಬೇರೆಯಾಗಿರುತ್ತದೆ.

ನೇರಮಾತು | ಮಂಗಳವಾರ ಬೆಳಿಗ್ಗೆ 8:05

ಟಪಾಲು_ಶಾಖೆಯವರೇ, ಹೇಳುವುದು ಸುಲಭ. ನಾನು ಹೀಗೇ ಬರೆದು ಕೊಟ್ಟಿದ್ದೆ. ಮುಂದಿನ ಸೆಮಿಸ್ಟರ್‌ನಲ್ಲಿ ಅದೇ ಮೇಷ್ಟ್ರ ಪೇಪರ್‌ನಲ್ಲಿ ನನಗೆ ಎಲ್ಲರಿಗಿಂತ ಕಡಿಮೆ ಆಂತರಿಕ ಅಂಕ ಬಂತು. ಸಮಿತಿ, ನಿಯಮ, ಎಲ್ಲ ಹಾಳೆಯ ಮೇಲೆ ಚೆನ್ನಾಗಿದೆ. ಹಳ್ಳಿಯಿಂದ ಬಂದ ಹುಡುಗನಿಗೆ ಹೀಗೆ ಹೋರಾಡಿ ಅಂತ ಹೇಳುವ ಮೊದಲು ಅವನಿಗೆ ಏನಾಗಬಹುದು ಅಂತಲೂ ಹೇಳಬೇಕಲ್ವಾ?

ಟಪಾಲು_ಶಾಖೆ | ಮಂಗಳವಾರ ಮಧ್ಯಾಹ್ನ 1:30

ನಿಮಗೆ ಆದದ್ದು ಅನ್ಯಾಯ. ಹಾಗೆ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ, ನಮ್ಮಲ್ಲೇ ನೋಡಿದ್ದೇನೆ. ಅದಕ್ಕೇ ಒಬ್ಬರೇ ಹೋಗಬೇಡಿ ಅಂತ ಹೇಳುವುದು. ಒಬ್ಬನಿಗೆ ಗೈರು ಬಿದ್ದಿದ್ದರೆ ಇನ್ನೂ ಮೂರು ನಾಲ್ಕು ಜನಕ್ಕೆ ಬಿದ್ದಿರುತ್ತದೆ, ಎಲ್ಲರ ಸಹಿ ಇರುವ ಒಂದೇ ಅರ್ಜಿ ಕೊಡಿ. ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ತೀರಿಸಿಕೊಳ್ಳುವುದು ಕಷ್ಟ. ವಿಭಾಗದಲ್ಲಿ ನಿಮ್ಮ ಪರವಾಗಿ ಮಾತಾಡುವ ಒಬ್ಬ ಮೇಷ್ಟ್ರನ್ನು ಮೊದಲು ಕಂಡು, ಸರ್ ಹೀಗೆ ಬರೆದು ಕೊಡುತ್ತಿದ್ದೇನೆ ಅಂತ ಹೇಳಿ ಆಮೇಲೆ ಕೊಡಿ. ನಿಮ್ಮ ಉತ್ತರಪತ್ರಿಕೆಗೆ ಏನಾಯಿತು ಅಂತ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕರ್ನಾಟಕದಲ್ಲಿ ಅರ್ಜಿ 150 ಪದದ ಒಳಗೆ, ಒಂದೇ ವಿಷಯಕ್ಕೆ ಇರಬೇಕು, ಜಾಸ್ತಿ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ನೇರಮಾತು | ಮಂಗಳವಾರ ಸಂಜೆ 5:15

ಒಟ್ಟಿಗೆ ಸಹಿ ಹಾಕುವುದು ನನಗೆ ಆಗ ಹೊಳೆಯಲಿಲ್ಲ. ನನ್ನ ಜೊತೆ ಇನ್ನೂ ಐದು ಜನಕ್ಕೆ ಹಾಗೇ ಆಗಿತ್ತು. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಂತ ಅನ್ನಿಸುತ್ತಿದೆ.

ಕಡಲತಡಿ | ಮಂಗಳವಾರ ರಾತ್ರಿ 8:40

ಹುಡುಗಿಯರು ಇದನ್ನು ಓದುತ್ತಿರುತ್ತೀರಿ, ನಿಮಗಾಗಿ ಬರೆಯುತ್ತೇನೆ. ಮೇಷ್ಟ್ರು, ಗೈಡ್, ಸಹಪಾಠಿ, ಕಚೇರಿಯವರು, ಯಾರೇ ಆಗಲಿ ಮೈಮೇಲೆ ಬಿದ್ದರೆ, ಕೆಟ್ಟ ಮೆಸೇಜ್ ಕಳಿಸಿದರೆ, ಅದು ಕುಂದುಕೊರತೆ ಸಮಿತಿಗೆ ಹೋಗುವ ವಿಷಯ ಅಲ್ಲ. ಅದಕ್ಕೆ ಆಂತರಿಕ ಸಮಿತಿ ಬೇರೆಯೇ ಇದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ, ಯುಜಿಸಿಯ 2015ರ ನಿಯಮ ಎರಡೂ ಅದಕ್ಕೆ ಆಧಾರ. ಘಟನೆ ಆಗಿ ಮೂರು ತಿಂಗಳೊಳಗೆ ದೂರು ಕೊಡಬೇಕು, ಸಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನಿಮ್ಮ ಹೆಸರನ್ನು ಗುಟ್ಟಾಗಿ ಇಡಬೇಕು.

ಈ ಮೂರು ತಿಂಗಳ ಲೆಕ್ಕ ಗೊತ್ತಿಲ್ಲದೆ ನನ್ನ ಗೆಳತಿ ಕಳೆದುಕೊಂಡಳು. ಸೆಮಿಸ್ಟರ್ ಮುಗಿಯಲಿ, ಅಂಕ ಬರಲಿ, ಆಮೇಲೆ ಹೇಳೋಣ ಅಂತ ಕಾದಳು. ಆರೂವರೆ ತಿಂಗಳಾಗಿತ್ತು. ಮೆಸೇಜ್‌ಗಳನ್ನೂ ಅಸಹ್ಯ ಅಂತ ಅಳಿಸಿಬಿಟ್ಟಿದ್ದಳು. ದಯವಿಟ್ಟು ಅಳಿಸಬೇಡಿ. ನೋಡಲು ಆಗದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯವರಿಗೆ ಕಳಿಸಿ, ಅವರ ಹತ್ತಿರ ಇರಲಿ.

ಇವತ್ತೇ ದೂರು ಕೊಡುವ ಧೈರ್ಯ ಇಲ್ಲ ಅಂದರೆ 181ಕ್ಕೆ ಫೋನ್ ಮಾಡಿ ಮಾತಾಡಬಹುದು, ಅದು ಮಹಿಳಾ ಸಹಾಯವಾಣಿ. ಕಾನೂನು ಸಲಹೆ ಬೇಕಾದರೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ನಂಬರ್ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ರ‍್ಯಾಗಿಂಗ್ ಅಂದರೆ 1800-180-5522, ಇದೂ ಇಪ್ಪತ್ನಾಲ್ಕು ಗಂಟೆ.

ಬೆರಳೇ_ಕಣ್ಣು | ಬುಧವಾರ ಬೆಳಿಗ್ಗೆ 10:00

ನನಗೆ ಕಣ್ಣು ಕಾಣುವುದಿಲ್ಲ. ಫೋನ್ ಓದಿ ಹೇಳುತ್ತದೆ, ಅದನ್ನು ಕೇಳಿ ಬರೆಯುತ್ತಿದ್ದೇನೆ. ಅಂಗವೈಕಲ್ಯ ಇರುವ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ನೆನಪಿಡಿ, ಪ್ರಮಾಣಪತ್ರದಲ್ಲಿ ಶೇ 40ಕ್ಕಿಂತ ಕಡಿಮೆ ಇಲ್ಲದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸವಲತ್ತು ಸಿಗುತ್ತದೆ. ಪರೀಕ್ಷೆಯಲ್ಲಿ ಬರೆಯುವವರ ನೆರವು ಪಡೆಯುವವರಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ.

ನನಗೆ ಮೊದಲ ಸೆಮಿಸ್ಟರ್‌ನಲ್ಲಿ ಮೂರು ಗಂಟೆ ಆದ ತಕ್ಷಣ ಪೇಪರ್ ಕಿತ್ತುಕೊಂಡರು. ಕೊಠಡಿ ಮೇಲ್ವಿಚಾರಕರಿಗೆ ನಿಯಮ ಗೊತ್ತಿರಲಿಲ್ಲ, ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ. ಎರಡನೇ ಸೆಮಿಸ್ಟರ್‌ಗೆ ನಾನು ತಿಂಗಳ ಮೊದಲೇ ಕುಲಸಚಿವರಿಗೆ ಪತ್ರ ಕೊಟ್ಟು, ಒಪ್ಪಿಗೆಯ ಪ್ರತಿ ಜೇಬಿನಲ್ಲಿ ಇಟ್ಟುಕೊಂಡು ಹೋದೆ. ಗಂಟೆ ಹೊಡೆಯಿತು. ಎಲ್ಲರೂ ಎದ್ದು ಹೋಗುವ ಸದ್ದು, ಬೆಂಚು ಸರಿಯುವ ಸದ್ದು. ಪತ್ರ ತೆಗೆದು ಕೈ ಮುಂದೆ ಚಾಚಿದೆ. ಮೇಲ್ವಿಚಾರಕರು ಓದಿ, ನೀವು ಬರೆಸಿ ಸರ್, ನಾನು ಇರ್ತೀನಿ ಅಂದರು.

ಫೀಸ್_ಚಿಂತೆ | ಬುಧವಾರ ಮಧ್ಯಾಹ್ನ 12:20

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನಗೆ ಬೇರೆ ಕಡೆ ಸೀಟು ಸಿಕ್ಕಿದೆ. ಈಗಿನ ಕಾಲೇಜಿನವರು ಫೀಸ್ ವಾಪಸ್ ಕೊಡಲ್ಲ, ಮಾರ್ಕ್ಸ್ ಕಾರ್ಡೂ ಕೊಡಲ್ಲ ಅನ್ನುತ್ತಿದ್ದಾರೆ.

ಟಪಾಲು_ಶಾಖೆ | ಬುಧವಾರ ಮಧ್ಯಾಹ್ನ 1:45

ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಹಾಗೇ ಇಲ್ಲ, ನೋಡಿ ವಾಪಸ್ ಕೊಡಬೇಕು. ಫೀಸಿನ ಬಗ್ಗೆ ಯುಜಿಸಿಯ 2018ರ ಅಕ್ಟೋಬರ್ ಅಧಿಸೂಚನೆ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಇನ್ನೂ ಮೊದಲು ಬಿಟ್ಟರೆ ಪೂರ್ತಿ, 15 ದಿನಕ್ಕಿಂತ ಕಡಿಮೆ ಇದ್ದಾಗ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, ಆಮೇಲೆ 30 ದಿನದವರೆಗೆ ಶೇ 50. ಅದಾದ ಮೇಲೆ ಇಲ್ಲ. ಪೂರ್ತಿ ಸಿಗುವಾಗಲೂ ಸ್ವಲ್ಪ ಪ್ರಕ್ರಿಯೆ ಶುಲ್ಕ ಹಿಡಿಯಬಹುದು. ಕೆಲವು ವರ್ಷ ಯುಜಿಸಿ ಬೇರೆ ದಿನಾಂಕವನ್ನೂ ಪ್ರಕಟಿಸುತ್ತದೆ, ಈ ಸಲದ್ದು ನೋಡಿಕೊಳ್ಳಿ. ಮತ್ತೆ ಅದೇ ಮಾತು, ಇವತ್ತೇ ಬರೆದು ಕೊಟ್ಟು ಸೀಲು ಹಾಕಿಸಿ. ಲೆಕ್ಕ ಶುರುವಾಗುವುದು ನೀವು ಕೊಟ್ಟ ತಾರೀಖಿನಿಂದ.

ಹಾಸನದ_ಅಮ್ಮ | ಬುಧವಾರ ರಾತ್ರಿ 9:15

ನನ್ನ ಮಗಳು ಬೆಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಆ ಹುಡುಗ ಅಪ್ಪ ದುಡ್ಡು ಬೇಕಾ ಅಂತ ಕೇಳಿದರೆ ಬೇಡ ಅನ್ನುತ್ತೇನೆ ಅಂತ ಬರೆದಿದ್ದು ಓದಿ ನನಗೆ ತಡೆಯಲಿಲ್ಲ. ನನ್ನ ಮಗಳೂ ಹೀಗೇ ಬೇಡ ಅನ್ನುತ್ತಾಳೆ. ನಾನು ಓದಿದವಳಲ್ಲ, ಏಳನೇ ಕ್ಲಾಸು. ಏನು ಕೇಳಿದರೆ ಮಕ್ಕಳು ನಿಜ ಹೇಳುತ್ತಾರೆ?

ರಾತ್ರಿಪಾಳಿ | ಬುಧವಾರ ರಾತ್ರಿ 11:00

ಅಮ್ಮ, ದುಡ್ಡು ಬೇಕಾ ಅಂದರೆ ಬೇಡ ಅಂತಲೇ ಹೇಳುತ್ತೇವೆ, ನಿಮ್ಮ ಕಷ್ಟ ಗೊತ್ತಿರುತ್ತದೆ. ಇವತ್ತು ಏನು ತಿಂದೆ, ಯಾರ ಜೊತೆ ತಿಂದೆ ಅಂತ ಕೇಳಿ. ಬಹಳ ದಿನ ಒಬ್ಬಳೇ ತಿಂದೆ ಅಂದರೆ, ಮೂರು ದಿನ ಬರೀ ಬನ್ನು ಅಂದರೆ ನಿಮಗೇ ತಿಳಿಯುತ್ತದೆ. ಊಟಕ್ಕೆ ಕಷ್ಟ ಇದ್ದರೆ ಇಂದಿರಾ ಕ್ಯಾಂಟೀನ್ ಹೇಳಿ, ತಿಂಡಿಗೆ 5, ಊಟಕ್ಕೆ 10 ರೂಪಾಯಿ, ಅಲ್ಲಿ ತಿನ್ನುವುದರಲ್ಲಿ ನಾಚಿಕೆಯ ಮಾತೇ ಇಲ್ಲ. ಮತ್ತೆ, ಓದು ಹೇಗಿದೆ ಅನ್ನುವುದನ್ನು ಕೊನೆಗೆ ಕೇಳಿ.

ಹಾಸನದ_ಅಮ್ಮ | ಗುರುವಾರ ಬೆಳಿಗ್ಗೆ 7:30

ರಾತ್ರಿಯೇ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದಳು. ಶನಿವಾರ ಚಟ್ನಿಪುಡಿ, ಕೋಡುಬಳೆ ತೆಗೆದುಕೊಂಡು ಹೋಗುತ್ತಿದ್ದೇನೆ. ನನಗೆ ಬಸ್ಸು ಫ್ರೀ ಅಲ್ವಾ, ಇಷ್ಟು ದಿನ ಯಾಕೆ ಹೋಗಲಿಲ್ಲವೋ.

ಹೊಲದ_ಬದು | ಮೂರು ವಾರದ ನಂತರ, ಶುಕ್ರವಾರ ರಾತ್ರಿ 10:20

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು ಅನ್ನಿಸಿತು.

14416ಕ್ಕೆ ಎರಡು ಸಲ ಮಾತಾಡಿದೆ. ಮಂಗಳವಾರ ಆಸ್ಪತ್ರೆಗೂ ಹೋದೆ, ಜೊತೆಗೆ ರೂಮಿನ ಗೆಳೆಯ ಬಂದ. ಹುಚ್ಚು ಅಂದುಕೊಳ್ಳುತ್ತಾನೆ ಅಂತ ಹೆದರಿದ್ದೆ, ಅವನು ದಾರಿಯಲ್ಲಿ ನನಗೂ ಹಾಗೇ ಆಗುತ್ತದೆ ಕಣೋ ಅಂದ. ಡಾಕ್ಟರ್ ನಿದ್ದೆಗೆ ಕೆಲವು ದಿನದ ಮಾತ್ರೆ ಕೊಟ್ಟಿದ್ದಾರೆ, ಎರಡು ವಾರ ಬಿಟ್ಟು ಮತ್ತೆ ಬಾ ಅಂದಿದ್ದಾರೆ. ಈಗ ಐದು ಗಂಟೆ ನಿದ್ದೆ ಬರುತ್ತಿದೆ.

ಬ್ಯಾಂಕಿನಲ್ಲಿ ಫಾರಂ ಕೊಟ್ಟು ಮ್ಯಾಪಿಂಗ್ ಚಾಲೂ ಮಾಡಿಸಿದೆ. ಹಳೆಯ ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ, ತಾಲ್ಲೂಕು ಕಚೇರಿಯಲ್ಲಿ ಬರೆದು ಕೊಟ್ಟಿದ್ದೇನೆ, ಸೀಲು ಹಾಕಿಸಿದ್ದೇನೆ. ಹೆಸರು ತಿದ್ದಿಸಲು ನಾಡಕಚೇರಿಗೆ ಅಪ್ಪನೇ ಹೋಗಿದ್ದ. ಅವನಿಗೆ ಎಲ್ಲ ಹೇಳಿದೆ. ಮೊದಲೇ ಹೇಳಬಾರದಾ ಅಂತ ಬೈದ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

ಹಾಸ್ಟೆಲ್ ಎರಡನೇ ಪಟ್ಟಿಯಲ್ಲೂ ಬರಲಿಲ್ಲ. ವಿದ್ಯಾಸಿರಿಗೆ ಹಾಕಿದ್ದೇನೆ. ವಾರ್ಡನ್ ಸರ್ ಹೇಳಿದ ಹಾಗೆ ಸಂಜೆ ಹೋಗಿ ಅಲ್ಲಿನ ವಾರ್ಡನ್‌ರನ್ನು ಕಂಡೆ, ಯಾರಾದರೂ ಬಿಟ್ಟರೆ ಹೇಳುತ್ತೇನೆ ಅಂತ ನನ್ನ ನಂಬರ್ ಬರೆದುಕೊಂಡಿದ್ದಾರೆ.

ಆಂತರಿಕ ಅಂಕಕ್ಕೆ ನಾವು ನಾಲ್ಕು ಜನ ಸೇರಿ ಅರ್ಜಿ ಕೊಟ್ಟೆವು. ಹಾಜರಾತಿ ಹಾಳೆ ತೆಗೆದು ನೋಡಿದಾಗ ನಮ್ಮ ನಾಲ್ಕೂ ಸಹಿ ಇತ್ತು. ಒಂದು ಹಾಳೆ ಇನ್ನೊಂದರ ಹಿಂದೆ ಅಂಟಿಕೊಂಡಿತ್ತು ಅಷ್ಟೇ. ಸರಿ ಮಾಡಿ ಕಳಿಸಿದ್ದಾರೆ.

ಹೊಸ_ಪ್ರವೇಶ | ಶುಕ್ರವಾರ ರಾತ್ರಿ 11:05

ಅಣ್ಣ, ನಾನು ಮೊದಲ ವರ್ಷ ಎಂಕಾಂ. ನನ್ನದೂ ಇ-ದೃಢೀಕರಣದಲ್ಲಿ ನಿಂತಿದೆ. ಬರೆದು ಕೊಡಲು ಹೆದರಿಕೆ ಆಗುತ್ತದೆ. ನೀವು ಇರುವುದು ನಾನಿರುವ ಕಡೆಯೇ ಅನ್ನಿಸುತ್ತದೆ, ಮೂರನೇ ಕಿಟಕಿ ಅಂದಿರಲ್ಲ.

ಹೊಲದ_ಬದು | ಶುಕ್ರವಾರ ರಾತ್ರಿ 11:12

ಸೋಮವಾರ ಹನ್ನೊಂದಕ್ಕೆ ಅಲ್ಲಿಗೇ ಬಾ, ನಾನಿರುತ್ತೇನೆ. ಫೀಸ್ ರಸೀದಿ, ವ್ಯಾಸಂಗ ಪ್ರಮಾಣಪತ್ರ ಎರಡೆರಡು ಝೆರಾಕ್ಸ್ ಮಾಡಿಸಿಕೊಂಡು ಬಾ. ಅರ್ಜಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆಯೋಣ. ಪೆನ್ನು ನನ್ನ ಹತ್ತಿರ ಇದೆ.